ಭಾನುವಾರದ ಹದಿನಾಲ್ಕನೇ ಶತಮಾನ

1839ರ ಆಗಸ್ಟ್ ಕೊನೆಯ ವಾರ ಸ್ಕಾಟ್ಲೆಂಡಿನ ಎಗ್ಲಿಂಟನ್ ಕೋಟೆಯ ಬಯಲಿನಲ್ಲಿ ಸುಮಾರು ಒಂದು ಲಕ್ಷ ಜನ ನೆರೆದಿದ್ದರು. ಆ ಕೋಟೆಯ ಯಜಮಾನ, ಇನ್ನೂ ಮೂವತ್ತು ದಾಟದ ಅರ್ಲ್ ಆಫ್ ಎಗ್ಲಿಂಟನ್‌ಗೆ ಮಧ್ಯಯುಗದ ಹುಚ್ಚು ಹತ್ತಿತ್ತು. ಕುದುರೆಯೇರಿ, ಕವಚ ತೊಟ್ಟು, ಭರ್ಜಿ ಹಿಡಿದು ಎದುರಾಳಿಯನ್ನು ಉರುಳಿಸುವ ಪಂದ್ಯವನ್ನು ಮತ್ತೆ ನಡೆಸಬೇಕೆಂದು ಹೊರಟ. ಲಂಡನ್ನಿನ ಬಾಂಡ್ ಸ್ಟ್ರೀಟಿನಲ್ಲಿ ಹಳೆಯ ಕವಚಗಳನ್ನು ಮಾರುತ್ತಿದ್ದ ಸ್ಯಾಮ್ಯುಯೆಲ್ ಪ್ರ್ಯಾಟ್ ಎಂಬಾತ ಸಾಮಾನು ಒದಗಿಸಿದ. ಮುಂದೆ ಮೂರನೇ ನೆಪೋಲಿಯನ್ ಎನಿಸಿಕೊಂಡು ಫ್ರಾನ್ಸ್ ಆಳಿದ ಲೂಯಿ ನೆಪೋಲಿಯನ್ ಕೂಡ ಪಾಲ್ಗೊಳ್ಳಲು ಬಂದಿದ್ದ. ಎಲ್ಲ ಸಜ್ಜಾಯಿತು. ಮೆರವಣಿಗೆ ಹೊರಟಿತು. ಮಳೆ ಸುರಿಯಿತು.

ಸುಮ್ಮನೆ ಹನಿಯುವ ಮಳೆಯಲ್ಲ, ಬಯಲನ್ನು ಕೆಸರುಗದ್ದೆ ಮಾಡಿದ ಮಳೆ. ಪಂದ್ಯದ ರಾಜನ ಪಾತ್ರ ವಹಿಸಿದ್ದ ಲಂಡನ್‌ಡೆರಿಯ ಮಾರ್ಕ್ವೆಸ್ ತನ್ನ ವೈಭವದ ಉಡುಪಿನ ಮೇಲೆ ಒಂದು ಛತ್ರಿ ಬಿಚ್ಚಿದ. ಮಧ್ಯಯುಗ ಅಲ್ಲಿಗೆ ಮುಗಿಯಿತು. ವ್ಯಂಗ್ಯಚಿತ್ರಕಾರರಿಗೆ ಆ ಛತ್ರಿ ಸಾಕಾಗಿತ್ತು. ಇಂದಿಗೂ ಎಗ್ಲಿಂಟನ್ ಎಂದರೆ ಜನರಿಗೆ ಮೊದಲು ನೆನಪಾಗುವುದು ಅದೇ. ಆ ಮಳೆಯನ್ನು ಎಲ್ಲರೂ ದೂರುತ್ತಾರೆ. ನನಗೆ ಕಾಣುವ ಕೊರತೆ ಬೇರೆ. ಅಲ್ಲಿದ್ದದ್ದು ಕಾಸು ಕೊಟ್ಟು ಕೊಂಡುತಂದ ಮಧ್ಯಯುಗ. ಕೊಂಡದ್ದನ್ನು ತೊಟ್ಟವರು ಪಂದ್ಯ ಮುಗಿದ ಮೇಲೆ ಬಿಚ್ಚಿಟ್ಟು ಮನೆಗೆ ಹೋದರು. ಕಲಿಯುವುದಕ್ಕೆ ಏನೂ ಉಳಿಯಲಿಲ್ಲ.

ಇದಾಗಿ ನೂರಿಪ್ಪತ್ತೇಳು ವರ್ಷಗಳ ಮೇಲೆ, 1966ರ ಮೇ 1ರಂದು, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಅದೇ ಹುಚ್ಚು ಇನ್ನೊಂದು ಬಗೆಯಲ್ಲಿ ಮರುಕಳಿಸಿತು. ಮಧ್ಯಯುಗದ ಅಧ್ಯಯನದಲ್ಲಿ ಪದವಿ ಪಡೆದಿದ್ದ, ಮುಂದೆ ಕಾದಂಬರಿಕಾರ್ತಿಯಾದ ಡಯಾನಾ ಪ್ಯಾಕ್ಸನ್ ತನ್ನ ಮನೆಯ ಹಿತ್ತಲಿನಲ್ಲಿ ಗೆಳೆಯರನ್ನು ಸೇರಿಸಿ ಒಂದು 'ಮಹಾಪಂದ್ಯ' ಏರ್ಪಡಿಸಿದಳು. ಪ್ಲೈವುಡ್ ಕತ್ತಿ, ಮೆತ್ತೆ ಸುತ್ತಿದ ಗದೆ, ಫೆನ್ಸಿಂಗ್ ಆಟದ ಮುಖವಾಡ. ಮೈಮೇಲೆ ಹಳೆಯ ಕಾಲದ್ದೆಂದು ಕಾಣುವಂಥ ಯಾವುದೋ ಬಟ್ಟೆ. ಆಟ ಮುಗಿದ ಮೇಲೆ ಎಲ್ಲರೂ ಹಾಡುತ್ತ ಟೆಲಿಗ್ರಾಫ್ ಅವೆನ್ಯೂ ಉದ್ದಕ್ಕೂ ಮೆರವಣಿಗೆ ಹೊರಟರು. ಇಪ್ಪತ್ತನೇ ಶತಮಾನದ ವಿರುದ್ಧ ಪ್ರತಿಭಟನೆ ಎಂಬುದು ಅದರ ಘೋಷಣೆ. ಆ ದಿನಗಳ ಬರ್ಕ್ಲಿಯಲ್ಲಿ ಯಾವುದರ ವಿರುದ್ಧವೂ ಪ್ರತಿಭಟನೆ ನಡೆಯಬಹುದಿತ್ತಾದ್ದರಿಂದ ಯಾರೂ ಬೆಚ್ಚಿಬೀಳಲಿಲ್ಲ.

ಮುಂದಿನ ಪಂದ್ಯಕ್ಕೆ ಹಿತ್ತಲು ಸಾಲಲಿಲ್ಲ, ಊರಿನ ಉದ್ಯಾನ ಬೇಕಾಯಿತು. ಉದ್ಯಾನ ಸಿಗಬೇಕಾದರೆ ಅರ್ಜಿಯಲ್ಲಿ ಸಂಸ್ಥೆಯ ಹೆಸರು ಬರೆಯಬೇಕು. ಲೇಖಕಿ ಮೇರಿಯನ್ ಜಿಮ್ಮರ್ ಬ್ರಾಡ್ಲಿ ಆ ಕ್ಷಣಕ್ಕೆ ತೋಚಿದ ಹೆಸರು ಕೊಟ್ಟಳು: ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ. 1968ರಲ್ಲಿ ಅದೇ ಹೆಸರಿನಲ್ಲಿ ಸಂಸ್ಥೆ ನೋಂದಣಿಯಾಯಿತು. ಇಂದು ಅದಕ್ಕೆ ಲೋಕದಾದ್ಯಂತ 20 'ರಾಜ್ಯ'ಗಳಿವೆ. ಪ್ರತಿ ರಾಜ್ಯಕ್ಕೂ ಬೆತ್ತದ ಕತ್ತಿಯ ಕಾಳಗದಲ್ಲಿ ಗೆದ್ದು ಕೆಲವು ತಿಂಗಳ ಮಟ್ಟಿಗೆ ಪಟ್ಟವೇರುವ ರಾಜ ರಾಣಿಯರಿದ್ದಾರೆ. ಆ ಹಿತ್ತಲಿನ ದಿನದಿಂದಲೇ ಎಣಿಕೆಯಾಗುವ ಸ್ವಂತ ಶಕೆಯೂ ಇದೆ. ಪೆನ್ಸಿಲ್ವೇನಿಯಾದಲ್ಲಿ ನಡೆಯುವ ಪೆನ್ಸಿಕ್ ಯುದ್ಧಕ್ಕೆ ಎರಡು ವಾರಗಳ ಮಟ್ಟಿಗೆ ಹತ್ತು ಸಾವಿರಕ್ಕೂ ಹೆಚ್ಚು ಜನ ಡೇರೆ ಹಾಕುತ್ತಾರೆ. 1972ರಲ್ಲಿ ಮೊದಲಾದ ಈ ಯುದ್ಧಕ್ಕೆ ಒಂದು ಸ್ವಾರಸ್ಯದ ಕಥೆಯಿದೆ. ಅರ್ಥಶಾಸ್ತ್ರಜ್ಞ ಡೇವಿಡ್ ಫ್ರೀಡ್‌ಮನ್ ನಡುರಾಜ್ಯದ ರಾಜನಾಗಿದ್ದಾಗ ಪೂರ್ವರಾಜ್ಯದ ಮೇಲೆ ಯುದ್ಧ ಸಾರಿದನಂತೆ. ಅವರು ಲಕ್ಷಿಸಲಿಲ್ಲ. ಅಷ್ಟರಲ್ಲಿ ಆತ ಪೂರ್ವಕ್ಕೆ ಮನೆ ಬದಲಿಸಿ, ಅಲ್ಲಿಯೂ ರಾಜನಾಗಿ, ತಾನೇ ಸಾರಿದ್ದ ಯುದ್ಧವನ್ನು ತಾನೇ ಸೋತ. ಸೋತವರು ಪಿಟ್ಸ್‌ಬರ್ಗ್ ನಗರವನ್ನು ಇಟ್ಟುಕೊಳ್ಳಬೇಕು ಎಂಬುದು ಕರಾರು.

ಪತ್ರಿಕೆಗಳು ಈ ಹವ್ಯಾಸದ ಬಗ್ಗೆ ಬರೆದಾಗಲೆಲ್ಲ ಕತ್ತಿ, ಗುರಾಣಿ, ಕಿರೀಟದ ಚಿತ್ರ ಹಾಕುತ್ತವೆ. ಆದರೆ ಅರವತ್ತು ವರ್ಷ ಇದನ್ನು ಹಿಡಿದು ನಿಲ್ಲಿಸಿದ್ದು ಹಿತ್ತಲಿನ ಕಾಳಗವಲ್ಲ ಎಂದು ನನಗನ್ನಿಸುತ್ತದೆ. ಅದನ್ನು ಉಳಿಸಿದ್ದು ಊಟದ ಮೇಜಿನ ಮೇಲೆ ಹರಡಿದ ಲಿನನ್ ಬಟ್ಟೆ ಮತ್ತು ಒಲೆಯ ಮೇಲಿನ ಪಾತ್ರೆ. ಕಾರಣ ಸಂಸ್ಥೆಯ ನಿಯಮದಲ್ಲೇ ಇದೆ. ಕೂಟಕ್ಕೆ ಬರುವವರು ಕಾದಾಡಬೇಕೆಂದಿಲ್ಲ, ಹಾಡಬೇಕೆಂದಿಲ್ಲ. 17ನೇ ಶತಮಾನಕ್ಕಿಂತ ಹಿಂದಿನ ಉಡುಪು ತೊಡುವ ಒಂದು ಪ್ರಯತ್ನ ಮಾಡಿರಬೇಕು, ಅಷ್ಟೆ. ಪ್ರಯತ್ನ ಸಾಕು ಎಂದದ್ದೇ ಜಾಣತನ. ಅಂಗಡಿಯಲ್ಲಿ ಸಿಗದ ಬಟ್ಟೆಯನ್ನು ಪ್ರತಿಯೊಬ್ಬರೂ ಮನೆಯಲ್ಲಿ ಹೊಲಿಯಲೇಬೇಕಾಯಿತು. ಹೊಲಿಗೆ ಗೊತ್ತಿಲ್ಲದವರು ಕಲಿಯಬೇಕಾಯಿತು. ಹೊಸಬರಿಗೆ ಎರವಲು ಕೊಡಲೆಂದೇ ಪ್ರತಿ ಊರಿನ ಗುಂಪೂ ಒಂದು ಪೆಟ್ಟಿಗೆ ಹಳೆಯ ಉಡುಪು ಇಟ್ಟುಕೊಳ್ಳುವ ರೂಢಿ ಬಂತು. ಕೆಲಸದ ದಿನಗಳಲ್ಲಿ ಕಚೇರಿ, ವಾರಾಂತ್ಯಕ್ಕೆ ಸೂಜಿ. ಒಂದು ವಾರ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ಕುಗ್ಗಿಸುವುದು, ಇನ್ನೊಂದು ವಾರ ಕತ್ತರಿಸುವುದು, ಆಮೇಲೆ ಹೊಲಿಗೆ, ಕೊನೆಗೆ ಕಾಜ, ಗುಂಡಿ. ಪೆನ್ಸಿಕ್ ಹತ್ತಿರವಾದಂತೆ ಮನೆಯಲ್ಲಿ ನಡೆದಾಡಲೂ ಜಾಗವಿಲ್ಲದ ಸ್ಥಿತಿ.

ಮೊದಮೊದಲು ಮಾಡಿದ್ದೆಲ್ಲ ಹಾಲಿವುಡ್ಡಿನ ಮಧ್ಯಯುಗ. ಪರದೆಗೆ ತಂದ ವೆಲ್ವೆಟ್, ಹೊಳೆಯುವ ಪಾಲಿಯೆಸ್ಟರ್, ಬೆನ್ನಿಗೆ ಜಿಪ್. ಆಗ ಬಳಕೆಗೆ ಬಂದದ್ದು ಹತ್ತಡಿ ನಿಯಮ: ಹತ್ತಡಿ ದೂರದಿಂದ ಸರಿಯಾಗಿ ಕಂಡರೆ ಸಾಕು, ಹತ್ತಿರ ಬಂದು ಹೊಲಿಗೆ ಪರೀಕ್ಷಿಸುವುದು ಸಭ್ಯತೆಯಲ್ಲ. ಇದಕ್ಕೆ ತದ್ವಿರುದ್ಧ ಅಮೆರಿಕದ ಅಂತರ್ಯುದ್ಧವನ್ನು ಮರು ಅಭಿನಯಿಸುವವರ ಲೋಕ. 1961ರ ಶತಮಾನೋತ್ಸವದ ಹೊತ್ತಿಗೆ ಬೆಳೆದ ಆ ಹವ್ಯಾಸದಲ್ಲಿ ಸಮವಸ್ತ್ರದ ನೂಲನ್ನೇ ಎಣಿಸುವವರು ಹುಟ್ಟಿಕೊಂಡರು. ಬ್ರಿಟನ್ನಿನಲ್ಲಿ ಸೇನಾ ಇತಿಹಾಸಕಾರ ಪೀಟರ್ ಯಂಗ್ 1968ರಲ್ಲಿ ಕಟ್ಟಿದ ಸೀಲ್ಡ್ ನಾಟ್ 17ನೇ ಶತಮಾನದ ಇಂಗ್ಲಿಷ್ ಅಂತರ್ಯುದ್ಧವನ್ನು ಆಡತೊಡಗಿತು. ಅವರ ಕಥೆ ಬೇರೆಯೇ ಇದೆ, ಇಲ್ಲಿ ಬಿಡೋಣ.

ಪರದೆಯ ವೆಲ್ವೆಟ್ಟಿನಿಂದ ನಿಜವಾದ ಕತ್ತರಿಕೆಗೆ ಬರುವುದಕ್ಕೆ ಎರಡು ಕಡೆಯಿಂದ ನೆರವು ಸಿಕ್ಕಿತು. ಒಂದು ರಂಗಭೂಮಿ. ಲಂಡನ್ನಿನಲ್ಲಿ ನೋರಾ ವಾ, ಆಮೇಲೆ ಜಾನೆಟ್ ಆರ್ನಾಲ್ಡ್ ವಸ್ತುಸಂಗ್ರಹಾಲಯಗಳಲ್ಲಿದ್ದ ಹಳೆಯ ಉಡುಪುಗಳನ್ನು ಅಳೆದು ನಕ್ಷೆ ಬರೆದರು. ಆರ್ನಾಲ್ಡ್ ಅವರ 'ಪ್ಯಾಟರ್ನ್ಸ್ ಆಫ್ ಫ್ಯಾಶನ್' ಮಾಲೆ 1964ರಲ್ಲಿ ಮೊದಲಾಯಿತು. 1985ರಲ್ಲಿ ಬಂದ, 1560ರಿಂದ 1620ರವರೆಗಿನ ಉಡುಪುಗಳ ಸಂಪುಟವಂತೂ ಮನೆಯಲ್ಲಿ ಹೊಲಿಯುವವರ ಕೈಪಿಡಿಯೇ ಆಗಿಬಿಟ್ಟಿತು. ಅದರಲ್ಲಿ ಪೀಸಾದಲ್ಲಿ 1562ರಲ್ಲಿ ತೀರಿಕೊಂಡ ಫ್ಲಾರೆನ್ಸಿನ ಡಚೆಸ್ ಎಲಿಯೊನೊರಾಳನ್ನು ಮಣ್ಣುಮಾಡಿದಾಗ ಉಡಿಸಿದ್ದ ಬಟ್ಟೆಯಿದೆ. ಸ್ವೀಡನ್ನಿನ ಸ್ಟೂರೆ ಮನೆತನದ ಉಡುಪೂ ಇದೆ. 1567ರಲ್ಲಿ ಹದಿನಾಲ್ಕನೇ ಎರಿಕ್ ದೊರೆ ಸ್ವಾಂಟೆ ಸ್ಟೂರೆಯನ್ನೂ ಅವನ ಇಬ್ಬರು ಮಕ್ಕಳನ್ನೂ ಉಪ್ಸಾಲಾದಲ್ಲಿ ಕೊಲ್ಲಿಸಿದ. ಗಂಡನನ್ನೂ ಮಕ್ಕಳನ್ನೂ ಕಳೆದುಕೊಂಡ ಮೆರ್ಟಾ ಆ ಬಟ್ಟೆಗಳನ್ನು ಒಗೆಯದೆ ಪೆಟ್ಟಿಗೆಯಲ್ಲಿಟ್ಟಳು. ರಾಜನ ಮೇಲಿನ ಆರೋಪಪಟ್ಟಿಯೆಂಬಂತೆ ಉಳಿದ ಆ ಅಂಗಿ ಚಡ್ಡಿಗಳು ನಾಲ್ಕು ಶತಮಾನಗಳ ಮೇಲೆ ಹೊಲಿಗೆಯ ನಕ್ಷೆಗಳಾದವು. ಆರ್ನಾಲ್ಡ್ ಒಂದೊಂದು ಹೊಲಿಗೆಯನ್ನೂ, ಒಳಗೆ ಕೊಟ್ಟ ಅಸ್ತರನ್ನೂ, ಬಟ್ಟೆ ಸಾಲದೆ ತೇಪೆ ಹಾಕಿದ ಜಾಗವನ್ನೂ ಬಿಡದೆ ಬರೆದಿದ್ದಾರೆ. ಸೂಜಿ ಹಿಡಿದವರಿಗಷ್ಟೇ ಬೇಕಾಗುವ ವಿವರಗಳವು.

ಇನ್ನೊಂದು ನೆರವು ಮಣ್ಣಿನಡಿಯಿಂದ ಬಂತು. ಗ್ರೀನ್‌ಲ್ಯಾಂಡಿನ ದಕ್ಷಿಣ ತುದಿಯ ಹೆರ್ಯೊಲ್ಫ್ಸ್‌ನೆಸ್ ಎಂಬಲ್ಲಿ ಮಧ್ಯಯುಗದ ನಾರ್ಸ್ ಜನರ ಒಂದು ಸ್ಮಶಾನವಿತ್ತು. ಸಮುದ್ರ ಅದನ್ನು ವರ್ಷ ವರ್ಷವೂ ಕೊರೆದು ನುಂಗುತ್ತಿತ್ತು. 1921ರಲ್ಲಿ ಡೆನ್ಮಾರ್ಕಿನ ಪೌಲ್ ನೋರ್ಲಂಡ್ ಅಲ್ಲಿ ಅಗೆದಾಗ ಹೆಪ್ಪುಗಟ್ಟಿದ ನೆಲದಲ್ಲಿ ಉಣ್ಣೆಯ ನಿಲುವಂಗಿ, ಬಾಲವುಳ್ಳ ಕುಲಾವಿ, ಕಾಲುಚೀಲಗಳು ಸಿಕ್ಕವು. ಮರ ಅಪರೂಪವಾದ ಆ ನಾಡಿನಲ್ಲಿ ಎಲ್ಲರಿಗೂ ಶವಪೆಟ್ಟಿಗೆ ಎಲ್ಲಿಂದ? ಹಲವರನ್ನು ಹಳೆಯ ಬಟ್ಟೆಯಲ್ಲೇ ಸುತ್ತಿ ಮಣ್ಣುಮಾಡಿದ್ದರು. ಯುರೋಪಿನ ಅರಮನೆಗಳಲ್ಲಿ 14ನೇ ಶತಮಾನದ ದಿನಬಳಕೆಯ ಅಂಗಿ ಬಹುಮಟ್ಟಿಗೆ ಉಳಿದಿಲ್ಲ. ಲೋಕದ ಅಂಚಿನ ಬಡರೈತರ ಅಂಗಿ ಉಳಿಯಿತು. ಇಂದು ಅವು ಕೋಪನ್‌ಹೇಗನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ.

ಆ ಅಂಗಿಯ ಕತ್ತರಿಕೆಯನ್ನು ಸ್ವಲ್ಪ ನಿಂತು ನೋಡಬೇಕು. ನಾವಿಂದು ತೊಡುವ ಅಂಗಿಯ ನಕ್ಷೆ ಬಹುಮಟ್ಟಿಗೆ ವಕ್ರರೇಖೆಗಳದ್ದು. 1863ರಲ್ಲಿ ಅಮೆರಿಕದ ಎಬೆನೀಜರ್ ಬಟರಿಕ್ ಅಳತೆವಾರು ಕಾಗದದ ನಕ್ಷೆ ಮಾರಲು ಶುರುಮಾಡಿದ ಮೇಲೆ ಮನೆ ಹೊಲಿಗೆಯ ಕಣ್ಣು ಅದಕ್ಕೇ ಒಗ್ಗಿಹೋಗಿದೆ. ಗ್ರೀನ್‌ಲ್ಯಾಂಡಿನ ಅಂಗಿಯಲ್ಲಿ ಹೆಚ್ಚಿನದು ನೇರ ಗೆರೆ. ಭುಜದಿಂದ ಕೆಳಕ್ಕೆ ಉದ್ದನೆಯ ತುಂಡುಗಳು, ಮಗ್ಗುಲಲ್ಲಿ ಮತ್ತು ಹಿಂದೆ ಮುಂದೆ ಘೇರು ಬರಿಸಲು ಸೇರಿಸಿದ ತ್ರಿಕೋನದ ಕಲಿಗಳು. ಕಾರಣ ಸರಳ. ಕುರಿಯ ಉಣ್ಣೆ ಕತ್ತರಿಸಿ, ಕೈಯಲ್ಲಿ ನೂತು, ನಿಂತು ನೇಯುವ ಮಗ್ಗದಲ್ಲಿ ನೇಯ್ದ ಬಟ್ಟೆಯಲ್ಲಿ ಒಂದು ಗೇಣನ್ನು ಚೂರು ಮಾಡಿ ಬಿಸಾಡಲು ಯಾರಿಗೂ ಮನಸ್ಸು ಬರುವುದಿಲ್ಲ. ಎರಡು ತ್ರಿಕೋನಗಳನ್ನು ತಲೆಕೆಳಗು ಜೋಡಿಸಿದರೆ ಒಂದು ಆಯತ. ಬಟ್ಟೆ ಒಂದಿಷ್ಟೂ ಹಾಳಾಗುವುದಿಲ್ಲ. ನಮ್ಮ ದರ್ಜಿಗಳು ಕಲಿದಾರ್ ಕುರ್ತಾ ಕತ್ತರಿಸುವುದೂ ಇದೇ ಲೆಕ್ಕದಲ್ಲಿ. ಕಲಿಯ ಅಂಗಿಯನ್ನು ಹೊಲಿಸಿಕೊಂಡವರಿಗೆ ಗೊತ್ತು, ಕಂಕುಳ ಕೆಳಗೆ ಒಂದು ಸಣ್ಣ ಚೌಕ ತುಂಡು ಇಟ್ಟರೆ ತೋಳೆತ್ತಿದಾಗ ಅಂಗಿ ಮೇಲೇಳುವುದಿಲ್ಲ, ಹರಿಯುವುದೂ ಇಲ್ಲ. ಆ ಚೌಕವನ್ನು ಬಿಟ್ಟು ಹೊಲಿದ ಅಂಗಿಯಲ್ಲಿ ಕತ್ತಿ ಎತ್ತಿ ನೋಡಿ. ಮೊದಲ ಏಟಿಗೇ ಹೊಲಿಗೆ ಬಿಡುತ್ತದೆ. ಪುಸ್ತಕ ಓದಿ ತಲೆಗೆ ಹತ್ತದ ಸಂಗತಿ ಹೀಗೆ ಕಂಕುಳಿಗೆ ಹತ್ತುತ್ತದೆ.

ಇಂಥದೇ ಇನ್ನೊಂದು ಪಾಠ ದಾರ ಕಟ್ಟುವ ತೂತಿನದು. ಹಳೆಯ ನಿಲುವಂಗಿಗೆ ಮುಂದೆ ಅಥವಾ ಮಗ್ಗುಲಿಗೆ ಸಾಲಾಗಿ ತೂತು. ಅದರಲ್ಲಿ ದಾರ ಪೋಣಿಸಿ ಬಿಗಿಯುತ್ತಾರೆ. ಆತುರದವರು ಲೋಹದ ಬಳೆ ಒತ್ತಿ ಕೂರಿಸುತ್ತಾರೆ. ಲೋಹದ ಬಳೆಗೆ ನೂಲನ್ನು ಕತ್ತರಿಸಿ ತೂತು ಮಾಡಬೇಕು, ಹಾಗಾಗಿ ನಾಲ್ಕು ಸಲ ಬಿಗಿದರೆ ಬಳೆ ಕಿತ್ತು ಕೈಗೆ ಬರುತ್ತದೆ. ಹಳಬರು ಮೂಳೆಯ ದಬ್ಬಳದಿಂದ ನೂಲುಗಳನ್ನು ಪಕ್ಕಕ್ಕೆ ಸರಿಸಿ, ಸುತ್ತಲೂ ಜೇನುಮೇಣ ಸವರಿದ ದಾರದಲ್ಲಿ ಹೊಲಿಯುತ್ತಿದ್ದರು. ನೂಲು ಒಂದೂ ತುಂಡಾಗಿಲ್ಲ. ಬಟ್ಟೆ ಹರಿದರೂ ತೂತು ಉಳಿಯುತ್ತದೆ. ಒಂದು ನಿಲುವಂಗಿಗೆ ಇಂಥ ನಲವತ್ತು ತೂತು ಹಾಕುವುದೆಂದರೆ ಹಲವು ಸಂಜೆಗಳ ಕೆಲಸ. ಹೆಚ್ಚಿನವರು ಇಲ್ಲಿ ರಾಜಿಗೆ ಬಂದಿದ್ದಾರೆ: ಒಳಗಿನ ಉದ್ದ ಹೊಲಿಗೆ ಯಂತ್ರದಲ್ಲಿ, ಕಣ್ಣಿಗೆ ಬೀಳುವ ಅಂಚು, ತೂತು, ಗುಂಡಿ ಕೈಯಲ್ಲಿ. ಕೈಹೊಲಿಗೆಯ ಕಟ್ಟಾಳುಗಳು ಇದಕ್ಕೆ ಮೂಗು ಮುರಿಯುತ್ತಾರೆ. ವಾರವಿಡೀ ದುಡಿದು ಬಂದವರು ಶನಿವಾರ ಸಂಜೆ ಏನು ಮಾಡಬೇಕೆಂದು ಹೇಳುವ ಹಕ್ಕು ಅವರಿಗಿಲ್ಲ ಎಂಬುದು ನನ್ನ ಅಭಿಪ್ರಾಯ.

ಸಂಶೋಧನೆ ಮತ್ತು ಮನೆ ಹೊಲಿಗೆ ಎದುರುಬದುರಾದ ಇನ್ನೊಂದು ಪ್ರಸಂಗ ಆಸ್ಟ್ರಿಯಾದ್ದು. 2008ರಲ್ಲಿ ಪೂರ್ವ ಟೈರೋಲಿನ ಲೆಂಗ್‌ಬರ್ಗ್ ಕೋಟೆಯ ದುರಸ್ತಿ ನಡೆದಾಗ ನೆಲದಡಿಯ ಕಸದಲ್ಲಿ 15ನೇ ಶತಮಾನದ ಬಟ್ಟೆಯ ಚೂರುಗಳು ಸಿಕ್ಕವು. ಅವುಗಳಲ್ಲಿ ಇಂದಿನ ಬ್ರಾ ಹಾಗೆಯೇ ಎರಡು ಬಟ್ಟಲು ಕೂಡಿಸಿ ಹೊಲಿದ ಲಿನನ್ ಒಳಉಡುಪು! ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದ ಬಿಯಾಟ್ರಿಕ್ಸ್ ನಟ್ಸ್ ಅಧ್ಯಯನ ಮಾಡಿದ ಈ ಸಂಗತಿ 2012ರಲ್ಲಿ ಸುದ್ದಿಯಾಯಿತು. ಬ್ರಾ ಎಂಬುದು ಕಳೆದ ಶತಮಾನದ ಸೃಷ್ಟಿ ಎಂದು ನಂಬಿದ್ದ ಜಗತ್ತು ಅಚ್ಚರಿಪಟ್ಟಿತು. ಮಧ್ಯಯುಗದ ಬಿಗಿ ನಿಲುವಂಗಿಯನ್ನು ಹೊಲಿದು ತೊಟ್ಟು, ಎದೆಗೆ ಆಸರೆ ಎಲ್ಲಿಂದ ಬಂದೀತೆಂದು ತಲೆ ಕೆಡಿಸಿಕೊಂಡಿದ್ದ ಹೆಂಗಸರಿಗೆ ಅದು ಬರೀ ಅಚ್ಚರಿಯಲ್ಲ, ಉತ್ತರವೂ ಆಗಿತ್ತು.

ಇನ್ನು ಅಡುಗೆಮನೆ. ಕೂಟವೆಂದ ಮೇಲೆ ಔತಣ ಬೇಕು. ಮಧ್ಯಯುಗದ ಔತಣ ಎಂದರೆ ದೊಡ್ಡದೊಂದು ಟರ್ಕಿ ಕೋಳಿಯ ಕಾಲು ಕಚ್ಚುತ್ತ ಕೂರುವುದು ಎಂದು ಅಮೆರಿಕದ ಜಾತ್ರೆಗಳು ಇಂದಿಗೂ ನಂಬಿಸುತ್ತವೆ. ಟರ್ಕಿ ಕೋಳಿ ಅಮೆರಿಕ ಖಂಡದ ಹಕ್ಕಿ. ಕೊಲಂಬಸ್ ಹೋಗಿಬರುವ ಮುನ್ನ ಯುರೋಪಿನ ಯಾವ ರಾಜನೂ ಅದರ ಕಾಲು ಕಚ್ಚಿರಲಿಲ್ಲ. ಆಲೂಗಡ್ಡೆ, ಟೊಮೆಟೊ, ಮೆಣಸಿನಕಾಯಿಗಳ ಕಥೆಯೂ ಅದೇ. ಇವನ್ನೆಲ್ಲ ಕಪಾಟಿನಿಂದ ತೆಗೆದಿಟ್ಟ ಮೇಲೆ ಉಳಿದದ್ದರಲ್ಲಿ ಏನು ಬೇಯಿಸುವುದು ಎಂದು ಹುಡುಕಿದವರಿಗೆ ಸಿಕ್ಕದ್ದು 'ಫಾರ್ಮ್ ಆಫ್ ಕ್ಯೂರಿ'. ಇಂಗ್ಲೆಂಡಿನ ಎರಡನೇ ರಿಚರ್ಡ್ ದೊರೆಯ ಬಾಣಸಿಗರು 1390ರ ಸುಮಾರಿಗೆ ಬರೆಸಿದ, ಸ್ಯಾಮ್ಯುಯೆಲ್ ಪೆಗ್ 1780ರಲ್ಲಿ ಅಚ್ಚು ಹಾಕಿಸಿದ ಕೃತಿ. ಅದರಲ್ಲಿ ಅಳತೆಗಳು ತೀರ ಅಪರೂಪ, ಉರಿ ಎಷ್ಟಿರಬೇಕೆಂಬ ಲೆಕ್ಕವಿಲ್ಲ, ಗಡಿಯಾರದ ಮಾತಂತೂ ಇಲ್ಲವೇ ಇಲ್ಲ. ಆ ಕಾಲದ ಅಡುಗೆ ಪುಸ್ತಕಗಳಲ್ಲಿ ಹೊತ್ತು ಹೇಳಬೇಕಾದರೆ ಒಂದು ಪ್ರಾರ್ಥನೆ ಹೇಳಿ ಮುಗಿಸುವಷ್ಟು ಎಂದು ಬರೆಯುತ್ತಿದ್ದರು. ಅಜ್ಜಿಯ ಕೈ ಅಂದಾಜಿನಲ್ಲಿ ಬೆಳೆದ ನಮಗೆ ಇದು ಹೊಸದೇನಲ್ಲ. ಕಪ್, ಚಮಚಗಳ ಅಳತೆಗೆ ಒಗ್ಗಿದ ಅಮೆರಿಕನ್ನರಿಗೆ ಗಾಬರಿಯಾಗಿರಬೇಕು.

ಹಾಗಾಗಿ ವಾರಕ್ಕೊಂದು ಪ್ರಯೋಗ. ಬಾದಾಮಿ ನೆನೆಸಿ ಅರೆದು ಹಾಲು ಹಿಂಡುವುದು. ಉಪವಾಸದ ದಿನಗಳಲ್ಲಿ ಹಸುವಿನ ಹಾಲು ನಿಷಿದ್ಧವಾಗಿದ್ದರಿಂದ ಶ್ರೀಮಂತರ ಅಡುಗೆಮನೆಯಲ್ಲಿ ಅದು ಸದಾ ಇರುತ್ತಿತ್ತು. ಆ ಹಾಲಿನಲ್ಲಿ ಅಕ್ಕಿ, ಕೋಳಿಮಾಂಸ, ಸಕ್ಕರೆ ಹಾಕಿ ಬೇಯಿಸುವ ಬಿಳಿಯ ಖಾದ್ಯವೊಂದಿದೆ. ಕೋಳಿ ಹಾಕಿದ ಪಾಯಸ ಎಂದು ಊಹಿಸಿಕೊಂಡು ನಮ್ಮವರು ಮುಖ ಕಿವುಚಬಹುದು. ಯುರೋಪಿನಾದ್ಯಂತ ಅದು ಘನವಾದ ಊಟ. ಬೆಂದದ್ದನ್ನು ಮನೆಯವರ ಮೇಲೆ ಪ್ರಯೋಗಿಸಿ, ಎಷ್ಟು ಹಾಕಿದೆ, ಎಷ್ಟು ಹೊತ್ತು ಇಟ್ಟೆ ಎಂದು ಬರೆದಿಟ್ಟು, ಮುಂದಿನ ವಾರ ಮತ್ತೆ. ಪೆನ್ಸಿಕ್‌ನ ಅದೇ ಫ್ರೀಡ್‌ಮನ್ ಮತ್ತು ಪತ್ನಿ ಎಲಿಜಬೆತ್ ಕುಕ್ ಹೀಗೆ ಮಾಡಿ ನೋಡಿದ ಅಡುಗೆಗಳ ದೊಡ್ಡ ಸಂಗ್ರಹವನ್ನೇ ಹೊರತಂದರು. ಅವರ ಒಲವು ಯುರೋಪಿಗೆ ಸೀಮಿತವಾಗಿರಲಿಲ್ಲ. 1226ರಲ್ಲಿ ಅಲ್ ಬಾಗ್ದಾದಿ ಬರೆದ ಅರಬ್ಬಿ ಪಾಕಪುಸ್ತಕ ಈ ಹವ್ಯಾಸಿಗಳ ಅಚ್ಚುಮೆಚ್ಚು. ಅದನ್ನು ಎ.ಜೆ. ಆರ್ಬೆರಿ ಇಂಗ್ಲಿಷಿಗೆ ತಂದದ್ದು 1939ರಲ್ಲಿ. ಅನುವಾದ ಪ್ರಕಟವಾದದ್ದು ನಮ್ಮ ಪಕ್ಕದ ಹೈದರಾಬಾದಿನಿಂದ ಹೊರಡುತ್ತಿದ್ದ 'ಇಸ್ಲಾಮಿಕ್ ಕಲ್ಚರ್' ಪತ್ರಿಕೆಯಲ್ಲಿ.

ಕೆಲಸ ಹೀಗೆ ಬೆಳೆದಂತೆ ಸಂಸ್ಥೆ ಅದನ್ನು ಒಪ್ಪಿಕೊಳ್ಳಲೇಬೇಕಾಯಿತು. ಕತ್ತಿಗೆ ನೈಟ್ ಪದವಿ, ಸೂಜಿ ಸೌಟಿಗೆ ಲಾರೆಲ್, ದುಡಿಮೆಗೆ ಪೆಲಿಕನ್. ಮೂರೂ ಸಮಾನ ದರ್ಜೆ. ಕಲಾಸ್ಪರ್ಧೆಗೆ ಉಡುಪು ಇಟ್ಟವರು ಯಾವ ಆಧಾರದ ಮೇಲೆ ಹೀಗೆ ಹೊಲಿದಿರಿ ಎಂಬುದಕ್ಕೆ ಲಿಖಿತ ಟಿಪ್ಪಣಿ ಕೊಡಬೇಕು. ಆದರೂ ರಾಜನಾಗಬೇಕಾದರೆ ಕಾಳಗದಲ್ಲೇ ಗೆಲ್ಲಬೇಕು. ಆ ರಾಜನ ಮೈಮೇಲಿನ ಅಂಗಿ ಯಾರು ಹೊಲಿದದ್ದೆಂದು ಕೇಳುವವರು ಕಡಿಮೆ. ಇದು ಮಧ್ಯಯುಗಕ್ಕೆ ನಿಷ್ಠವಾದ ಸಂಗತಿ ಎಂದು ಬೇಕಾದರೆ ಹೇಳಿಕೊಳ್ಳಬಹುದು.

ಆ ಕಾಲದ ಔತಣಗಳಿಗೆ ಬೇಕಾಗಿದ್ದ ಕರಿಮೆಣಸು ನಮ್ಮ ಪಶ್ಚಿಮ ಕರಾವಳಿಯಿಂದ ಹೋಗುತ್ತಿತ್ತು. 16ನೇ ಶತಮಾನದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದೇ ಕರೆದರು. ಮೆಣಸು ಕಳಿಸಿದ ನಾಡಿನಲ್ಲಿ ಪುಸ್ತಕಗಳಿಗೂ ಬರವಿರಲಿಲ್ಲ. 'ಫಾರ್ಮ್ ಆಫ್ ಕ್ಯೂರಿ'ಗಿಂತ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷ ಮೊದಲೇ, 1025ರ ಸುಮಾರಿಗೆ, ಇಮ್ಮಡಿ ಚಾವುಂಡರಾಯನ 'ಲೋಕೋಪಕಾರ' ಕನ್ನಡದಲ್ಲಿ ಅಡುಗೆಯ ಮಾತಾಡಿದೆ. ಕಲ್ಯಾಣದ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ 'ಮಾನಸೋಲ್ಲಾಸ'ದಲ್ಲಿ ಅರಸನ ಊಟಕ್ಕೇ ಒಂದು ಭಾಗ ಮೀಸಲಿಟ್ಟ. 16ನೇ ಶತಮಾನದ ಆರಂಭದ ಮೂರನೇ ಮಂಗರಸನ 'ಸೂಪಶಾಸ್ತ್ರ'ದಲ್ಲಿ ಬದನೆಕಾಯಿಗೇ ಒಂದು ಅಧ್ಯಾಯವಿದೆ. ಯಾವುದರಲ್ಲೂ ಒಣಮೆಣಸಿನಕಾಯಿ ಇಲ್ಲ. ಉಡುಪಿನ ಮಟ್ಟಿಗೂ ನಾವು ಬರಿಗೈಯವರಲ್ಲ. 1520ರ ಸುಮಾರಿಗೆ ವಿಜಯನಗರ ಕಂಡ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯ ಚಿನ್ನದ ಹೂ ಕಸೂತಿಯ ಬಿಳಿ ಬಟ್ಟೆ ತೊಟ್ಟು ಜರತಾರಿಯ ಟೋಪಿ ಇಟ್ಟಿದ್ದನೆಂದು ಬರೆದ. ತಿರುಮಲೆಯಲ್ಲಿರುವ ರಾಯನ ಪ್ರತಿಮೆಯ ತಲೆಯ ಮೇಲೂ ಎತ್ತರದ ಕುಲಾವಿಯಿದೆ. ನಾವು ಮಾತ್ರ ಕಂಪನಿ ನಾಟಕದ ಕಿರೀಟವನ್ನೇ ನೆನೆಯುತ್ತೇವೆ. ಆ ಕುಲಾವಿಯನ್ನು ಕತ್ತರಿಸಿ ಹೊಲಿದು ತಲೆಯ ಮೇಲಿಟ್ಟು ನೋಡುವ ಹವ್ಯಾಸಿಗಳು ನಮ್ಮಲ್ಲೂ ಹುಟ್ಟಬೇಕು.

ಹೊಲಿಗೆ ಕಷ್ಟವೆಂದರೆ ಅಡುಗೆಯಿಂದ ಶುರುಮಾಡಿ. 'ಲೋಕೋಪಕಾರ'ದ ಇಡ್ಲಿ ಒಳ್ಳೆಯ ಆರಂಭ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ಅರೆದು, ಮೊಸರಿನ ತಿಳಿನೀರು ಮತ್ತು ಮಸಾಲೆ ಬೆರೆಸುವ ಕ್ರಮ ಅದರಲ್ಲಿದೆ. ಹಳಗನ್ನಡದ ಆ ಇಡ್ಲಿಯಲ್ಲಿ ಅಕ್ಕಿಯಾಗಲಿ, ಹಿಟ್ಟನ್ನು ದೀರ್ಘಕಾಲ ಹುಳಿ ಬರಿಸುವುದಾಗಲಿ, ಹಬೆಯಲ್ಲಿ ಬೇಯಿಸುವುದಾಗಲಿ ಕಾಣುವುದಿಲ್ಲ ಎಂದು ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ಇತಿಹಾಸಕಾರ ಕೆ.ಟಿ. ಅಚಯ ಗುರುತಿಸಿದ್ದರು. ಹಾಗಾದರೆ ಅದು ಹೇಗೆ ಬೆಂದಿತು, ಎಷ್ಟು ಮೆತ್ತಗಾಯಿತು, ಬಾಯಿಗೆ ಹೇಗಿತ್ತು? ಮಾಡಿ ನೋಡಿದವರು ಹೇಳಬೇಕು. ಜೀರಿಗೆ, ಕಾಳುಮೆಣಸು, ಇಂಗು ಮನೆಯಲ್ಲಿರುತ್ತವೆ. ಒಂದು ಪುಸ್ತಕ, ಪೆನ್ನು ಪಕ್ಕದಲ್ಲಿಟ್ಟುಕೊಂಡು ಹಾಕಿದ್ದನ್ನೆಲ್ಲ ಅಳತೆ ಸಮೇತ ಬರೆದಿಡಿ. ಉದ್ದನ್ನು ಶನಿವಾರ ರಾತ್ರಿಯೇ ನೆನೆಹಾಕಿ.